ಬಾಯಿಮಾತಿನ ಇತಿಹಾಸ: ಅದರ ಸಂಗ್ರಹ, ಅದರ ಸಂರಕ್ಷಣೆ
(ರಾಯಚೂರು, ದೇವದುರ್ಗ, ಮಾನ್ವಿ ಪರಿಸರವನ್ನು ಕುರಿತು ಒಂದು ಅಧ್ಯಯನ)

೧. ಪೀಠಿಕೆ

ರಾಯಚೂರಿನ ಕೋಟೆಯ ಗೋಡೆಯಲ್ಲಿ ನಲವತ್ತು ಅಡಿಗೂ ಮಿಕ್ಕಿ ಉದ್ದವಿರುವ ಒಂದು ಹೆಬ್ಬಂಡೆಯಿದೆ. ಕ್ರಿ.ಶ. ೧೨೯೪ರಲ್ಲಿ ಗೋರೆ ಗಂಗಯ್ಯ ರೆಡ್ಡಿಯ ಕಾಲಕ್ಕೆ ವಿಠ್ಠಲನೆಂಬ ಅಧಿಕಾರಿಯು ಈ ಕೋಟೆಯನ್ನು ಕಟ್ಟಿಸಿದ ಸಂಗತಿಯನ್ನು ಆ ಬಂಡೆಯ ಮೇಲಿನ ಶಾಸನವು ಹೇಳುತ್ತದೆ. ಅಂಥ ಭಾರಿ ಕಲ್ಲನ್ನು ಗಾಡಿಯ ಮೇಲೆ ಹೇರಿ, ಕೋಣಗಳ ಉದ್ದನೆಯ ಸಾಲು ಕಟ್ಟಿ ಎಳೆದು ತಂದ ಬಗೆಯ ಚಿತ್ರವನ್ನೂ ಅಲ್ಲಿಯೇ ಕೊರೆದಿದ್ದಾರೆ. ಕಟ್ಟಿಸಿದವನ ಹೆಸರು ನಮಗೆ ದೊರಕಿದೆ; ಗಾಡಿಯನ್ನು ಹೊಡೆದವರ ಹೆಸರು ದೊರಕಿಲ್ಲ. ಅವರು ಯಾವ ಊರಿನವರು, ಎಷ್ಟು ದಿನ ಎಳೆದರು, ಅವರಿಗೆ ಕೂಲಿ ಸಂದಿತೋ ಇಲ್ಲವೋ, ಒಂದೂ ತಿಳಿಯದು.

ಏಳುನೂರು ವರ್ಷಗಳ ಹಿಂದಿನವರನ್ನು ಕೇಳುವುದು ನಮ್ಮಿಂದಾಗದ ಮಾತು. ಆದರೆ ನಮ್ಮ ನಡುವೆಯೇ ಬದುಕಿರುವ ಹಿರಿಯರನ್ನು ಕೇಳದೆ ಬಿಟ್ಟರೆ ಆ ತಪ್ಪಿಗೆ ನಾವೇ ಹೊಣೆಗಾರರು. ಹಿರಿಯರು ತಾವು ಕಂಡುದನ್ನು, ಉಂಡುದನ್ನು, ಸಹಿಸಿದುದನ್ನು ತಮ್ಮದೇ ಮಾತಿನಲ್ಲಿ ಹೇಳುವಾಗ ಅದನ್ನು ಧ್ವನಿಯಂತ್ರದಲ್ಲಿ ಮುದ್ರಿಸಿ, ಬರೆಹಕ್ಕೆ ಇಳಿಸಿ, ಮುಂದಿನವರಿಗೆ ಉಪಯೋಗವಾಗುವಂತೆ ಕಾಪಾಡುವ ಶಾಸ್ತ್ರಕ್ಕೆ ಮೌಖಿಕ ಇತಿಹಾಸವೆಂದು ಹೆಸರು. ಇದು ಪಂಡಿತರಿಗೆ ಮಾತ್ರ ಮೀಸಲಾದ ಶಾಸ್ತ್ರವಲ್ಲ. ಶಾಲೆಯೊಂದು, ಅದರ ಶಿಕ್ಷಕರು ಮತ್ತು ಹಳೆಯ ವಿದ್ಯಾರ್ಥಿಗಳು ಸೇರಿ ಮಾಡಬಹುದಾದ ಕೆಲಸವಿದು. ಅದನ್ನು ಮಾಡುವ ಕ್ರಮವನ್ನು ಪಾಠದ ರೀತಿಯಲ್ಲಿ ವಿವರಿಸುವುದೇ ಈ ಲೇಖನದ ಉದ್ದೇಶ.

೨. ನಮ್ಮ ಭಾಗದಲ್ಲಿ ಇದರ ಅವಶ್ಯಕತೆ

ಬರೆದಿಟ್ಟ ದಾಖಲೆ ಎಲ್ಲ ಕಡೆಯೂ ಒಂದೇ ಪ್ರಮಾಣದಲ್ಲಿರುವುದಿಲ್ಲ. ನಮ್ಮ ಜಿಲ್ಲೆಯು ೧೯೪೮ರವರೆಗೆ ಹೈದರಾಬಾದ್ ಸಂಸ್ಥಾನದ ಗುಲ್ಬರ್ಗಾ ಸುಭೆಗೆ ಸೇರಿತ್ತು. ಕಚೇರಿಯ ಭಾಷೆ ಉರ್ದು. ಮೇಲಿನ ತರಗತಿಗಳ ಶಿಕ್ಷಣವೂ ಬಹುಮಟ್ಟಿಗೆ ಉರ್ದುವಿನಲ್ಲಿಯೇ. ಜನರ ಮನೆಮಾತು ಕನ್ನಡ, ಕೆಲವೆಡೆ ತೆಲುಗು, ಲಂಬಾಣಿ, ದಖನಿ. ಹೀಗಾಗಿ ಜನರು ಬಾಳಿದ ಭಾಷೆಯೇ ಬೇರೆ, ದಫ್ತರದಲ್ಲಿ ಬರೆಯಲ್ಪಟ್ಟ ಭಾಷೆಯೇ ಬೇರೆ ಆಯಿತು. ಪಟವಾರಿಯ ದಫ್ತರದಲ್ಲಿ ಹೊಲದ ವಿಸ್ತೀರ್ಣ ಸಿಕ್ಕೀತು, ತೀರುವೆ ಸಿಕ್ಕೀತು. ಆ ತೀರುವೆಯನ್ನು ಕಟ್ಟಲು ರೈತನು ಮನೆಯ ಯಾವ ವಸ್ತುವನ್ನು ಮಾರಿದನೆಂಬುದು ಸಿಕ್ಕದು.

ಇಂಥ ಪರಿಸ್ಥಿತಿಯಲ್ಲಿಯೂ ಕನ್ನಡದ ದೀಪವನ್ನು ಕಾಪಾಡಿದವರಿದ್ದರು. ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮದರ್ದ್ ಶಾಲೆಯನ್ನು ಕಟ್ಟಿದರು. ೧೯೩೪ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ರಾಯಚೂರಿನಲ್ಲಿ ನೆರೆಯಿತು. ಇವು ಪುಸ್ತಕಗಳಲ್ಲಿ ಉಲ್ಲೇಖಗೊಂಡಿವೆ. ಆದರೆ ಆ ಸಮ್ಮೇಳನಕ್ಕೆ ಹಳ್ಳಿಗಳಿಂದ ಬಂಡಿ ಕಟ್ಟಿಕೊಂಡು ಬಂದವರು ಏನನ್ನು ಕಂಡರು, ಏನನ್ನು ಮಾತನಾಡಿಕೊಂಡರು ಎಂಬುದನ್ನು ಯಾರೂ ಕೇಳಿ ಬರೆದಿಡಲಿಲ್ಲ. ಇಂದು ಕೇಳೋಣವೆಂದರೆ ಹೇಳುವವರಿಲ್ಲ.

೧೯೪೮ರ ಸೆಪ್ಟೆಂಬರಿನಲ್ಲಿ ಹತ್ತು ವರ್ಷದವರಾಗಿದ್ದವರು ಇಂದು ತೊಂಬತ್ತರ ಸಮೀಪದಲ್ಲಿದ್ದಾರೆ. ಸಂಸ್ಥಾನದ ಕಾಲದ ನೆನಪುಳ್ಳವರ ಪೀಳಿಗೆ ನಮ್ಮ ಕಣ್ಣೆದುರಿನಲ್ಲಿಯೇ ಕರಗುತ್ತಿದೆ. ಶಾಸನವು ಮಳೆಗೆ ಸವೆಯಲು ಶತಮಾನಗಳು ಬೇಕು. ನೆನಪು ಅಳಿಯಲು ಒಂದು ಜ್ವರ ಸಾಕು.

೩. ಹಿಂದಿನವರು ತೋರಿದ ದಾರಿ

ಈ ಕೆಲಸ ಕನ್ನಡನಾಡಿಗೆ ಹೊಸತಲ್ಲ. ಜಾನ್ ಫ್ಲೀಟ್ ಎಂಬ ಆಂಗ್ಲ ಅಧಿಕಾರಿಯು ಹಲಗಲಿಯ ಬೇಡರು ಮತ್ತು ಸಂಗೊಳ್ಳಿ ರಾಯಣ್ಣನನ್ನು ಕುರಿತ ಲಾವಣಿಗಳನ್ನು ಹಾಡುವವರ ಬಾಯಿಂದ ಬರೆಸಿಕೊಂಡು ೧೮೮೫ರಿಂದ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಪ್ರಕಟಿಸಿದನು. ಸರಕಾರದ ವಿರುದ್ಧ ದಂಗೆಯೆದ್ದವರ ಹಾಡನ್ನು ಸರಕಾರದ ಅಧಿಕಾರಿಯೇ ಉಳಿಸಿದುದು ಚೋದ್ಯವಾದರೂ ನಿಜ. ಹಲಸಂಗಿಯ ಗೆಳೆಯರು ತಮ್ಮ ಸುತ್ತಲಿನ ಹೆಣ್ಣುಮಕ್ಕಳ ಬೀಸುವ ಕಲ್ಲಿನ ಬಳಿ ಕುಳಿತು ಕೂಡಿಸಿದ ಹಾಡುಗಳು ೧೯೩೧ರಲ್ಲಿ ‘ಗರತಿಯ ಹಾಡು’ ಎಂಬ ಹೆಸರಿನಿಂದ ಹೊರಬಂದವು. ಡಾ. ಫ.ಗು. ಹಳಕಟ್ಟಿಯವರು ಮಠ, ಮನೆ, ಮಾಡಗಳನ್ನು ತಿರುಗಿ ತಾಳೆಗರಿಗಳನ್ನು ಕಲೆಹಾಕಿ ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದುದನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅವರು ಕೂಡಿಸಿದ್ದು ಬರೆಹವನ್ನು, ನಾವು ಕೂಡಿಸಬೇಕಾದುದು ಮಾತನ್ನು. ಆದರೆ ಬಾಗಿಲಿಂದ ಬಾಗಿಲಿಗೆ ಹೋಗುವ ಅವರ ದಾರಿ ನಮಗೂ ಅದೇ.

ನಮ್ಮ ನೆರೆಯ ಬಳ್ಳಾರಿ ಸೀಮೆಯ ದರೋಜಿಯ ಈರಮ್ಮನವರ ಉದಾಹರಣೆ ಇನ್ನೂ ಹತ್ತಿರದ್ದು. ಅಲೆಮಾರಿ ಬುಡ್ಗ ಜಂಗಮ ಸಮುದಾಯದಲ್ಲಿ ೧೯೩೦ರಲ್ಲಿ ಹುಟ್ಟಿದ ಈ ತಾಯಿ ಅಕ್ಷರ ಕಲಿತವರಲ್ಲ. ಆದರೆ ರಾತ್ರಿಗಟ್ಟಲೆ ನಡೆಯುವ ಹತ್ತಾರು ಬುರ್ರಕಥೆಗಳು ಅವರ ನಾಲಗೆಯ ಮೇಲಿದ್ದವು. ಹಂಪಿಯಲ್ಲಿ ೧೯೯೧ರಲ್ಲಿ ಸ್ಥಾಪಿತವಾದ ಕನ್ನಡ ವಿಶ್ವವಿದ್ಯಾಲಯವು ಅವರ ಕಾವ್ಯಗಳನ್ನು ಧ್ವನಿಮುದ್ರಿಸಿ ಗ್ರಂಥರೂಪಕ್ಕೆ ತಂದಿತು. ೨೦೧೪ರಲ್ಲಿ ಈರಮ್ಮನವರು ತೀರಿಕೊಂಡರು, ಕಾವ್ಯ ತೀರಲಿಲ್ಲ. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕದ ಹಿಂದೆಯೂ ಇಂಥದೇ ಧ್ವನಿಸಂಗ್ರಹದ ದುಡಿಮೆಯಿದೆ.

ಯಂತ್ರಗಳು ಬರುವ ಮೊದಲು ಈ ವೃತ್ತಿಯನ್ನು ವಂಶಪಾರಂಪರ್ಯವಾಗಿ ನಡೆಸಿಕೊಂಡು ಬಂದ ಹೆಳವರನ್ನು ನಾವು ಮರೆಯಬಾರದು. ಎತ್ತಿನ ಮೇಲೆ ಕುಳಿತು ಊರಿಗೆ ಬಂದು, ಮನೆಯ ಮುಂದೆ ನಿಂತು, ಆ ಮನೆತನದ ಮೂಲಪುರುಷನಿಂದ ಹಿಡಿದು ಇಂದಿನವರ ತನಕ ಹೆಸರು ಹೇಳಿ ಕಾಳುಕಡಿ ಪಡೆಯುವ ಹೆಳವನು ಉತ್ತರ ಕರ್ನಾಟಕದ ಜೀವಂತ ದಫ್ತರ. ಅವನ ವಂಶಾವಳಿಯಲ್ಲಿ ಮುಖ್ಯವಾಗಿ ಗಂಡುಸಂತತಿಯ ಹೆಸರುಗಳಿರುತ್ತವೆ. ಆ ಮನೆಗೆ ಬಂದ, ಆ ಮನೆಯಿಂದ ಹೋದ ಹೆಣ್ಣುಮಕ್ಕಳ ಕಥೆ ಇರುವುದಿಲ್ಲ. ಈ ಕೊರತೆಯನ್ನು ತುಂಬುವುದು ನಮ್ಮ ಪಾಲಿನ ಕೆಲಸ.

ಹೊರಗಿನ ಜಗತ್ತಿನಲ್ಲಿಯೂ ಇದು ಶಾಸ್ತ್ರವಾಗಿ ಬೆಳೆದದ್ದು ಇತ್ತೀಚೆಗೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅಲನ್ ನೆವಿನ್ಸ್ ಎಂಬ ಇತಿಹಾಸಕಾರರು ೧೯೪೮ರಲ್ಲಿ ಇದಕ್ಕಾಗಿಯೇ ಒಂದು ವಿಭಾಗವನ್ನು ತೆರೆದರು. ದೆಹಲಿಯ ತೀನ್ ಮೂರ್ತಿ ಭವನದಲ್ಲಿದ್ದ ನೆಹರೂ ಸ್ಮಾರಕ ಗ್ರಂಥಾಲಯವು ೧೯೬೬ರಿಂದ ಸ್ವಾತಂತ್ರ್ಯ ಹೋರಾಟಗಾರರ ಮಾತುಗಳನ್ನು ಮುದ್ರಿಸತೊಡಗಿತು. ಅಲ್ಲಿಗೆ ನಾಯಕರ ಧ್ವನಿ ತಲುಪಿತು. ದೇವದುರ್ಗದ ಹಳ್ಳಿಯ ಸಾಮಾನ್ಯನ ಧ್ವನಿ ತಲುಪುವುದು ಹೇಗೆ? ಅದನ್ನು ತಲುಪಿಸಬೇಕಾದವರು ಸ್ಥಳೀಯರೇ.

೪. ಏನನ್ನು ಸಂಗ್ರಹಿಸಬೇಕು

ಮೂರು ತಾಲೂಕುಗಳ ಪರಿಸರವನ್ನು ಗಮನಿಸಿದರೆ ಕೆಲವು ವಿಷಯಗಳು ತಾವಾಗಿಯೇ ಎದುರಿಗೆ ಬರುತ್ತವೆ.

ಮೊದಲನೆಯದು, ಸಂಸ್ಥಾನದ ಕೊನೆಯ ದಿನಗಳು ಮತ್ತು ವಿಮೋಚನೆ. ೧೯೪೮ರ ಸೆಪ್ಟೆಂಬರ್ ೧೩ರಂದು ಭಾರತದ ಸೈನ್ಯವು ಸಂಸ್ಥಾನವನ್ನು ಪ್ರವೇಶಿಸಿತು. ೧೭ರಂದು ನಿಜಾಮರು ಶರಣಾದರು. ಅದಕ್ಕೂ ಮುಂಚಿನ ತಿಂಗಳುಗಳಲ್ಲಿ ರಜಾಕಾರರ ಭಯದಿಂದ ಎಷ್ಟೋ ಕುಟುಂಬಗಳು ಮುಂಬಯಿ ಮತ್ತು ಮದರಾಸು ಪ್ರಾಂತಗಳ ಗಡಿಯೊಳಕ್ಕೆ ಹೋದವು. ಮುಂಡರಗಿಯಂಥ ಗಡಿಯ ಊರುಗಳಲ್ಲಿ ಹೋರಾಟದ ಶಿಬಿರಗಳು ನಡೆದವು.

ಎರಡನೆಯದು, ಗಡಿಗಳ ಬದಲಾವಣೆ. ೧೯೫೬ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದಾಗ ಆಲಂಪುರ ಮತ್ತು ಗದ್ವಾಲ ತಾಲೂಕುಗಳು ಆಂಧ್ರಕ್ಕೆ ಹೋದವು. ಬೀಗರು ಒಂದು ರಾಜ್ಯ, ನಾವು ಒಂದು ರಾಜ್ಯ ಎಂದಾದ ಅನುಭವವನ್ನು ಹೇಳುವವರು ಇನ್ನೂ ಇದ್ದಾರೆ. ೧೯೯೭ರಲ್ಲಿ ಕೊಪ್ಪಳವು ಬೇರೆ ಜಿಲ್ಲೆಯಾದುದು ಮಧ್ಯವಯಸ್ಕರ ನೆನಪಿನಲ್ಲಿಯೇ ಇದೆ.

ಮೂರನೆಯದು, ನೀರು. ೧೯೪೫ರಲ್ಲಿ ಅಸ್ತಿವಾರ ಕಂಡ ತುಂಗಭದ್ರಾ ಅಣೆಕಟ್ಟಿನಿಂದ ೧೯೫೩ರಲ್ಲಿ ನೀರು ಹರಿಯತೊಡಗಿತು. ಎಡದಂಡೆಯ ಕಾಲುವೆ ಮಾನ್ವಿಯ ಕಡೆಗೆ ಬಂದ ಮೇಲೆ ಜೋಳ, ಹತ್ತಿ ಬೆಳೆಯುತ್ತಿದ್ದ ಎರೆಭೂಮಿ ಭತ್ತದ ಗದ್ದೆಯಾಯಿತು. ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ಹುಟ್ಟಿಕೊಂಡವು. ದೇವದುರ್ಗಕ್ಕೆ ಕೃಷ್ಣೆಯ ನಾರಾಯಣಪುರ ಬಲದಂಡೆಯ ನೀರು ಬಂದದ್ದು ಬಹಳ ತಡವಾಗಿ. ಒಂದೇ ಜಿಲ್ಲೆಯ ಎರಡು ತಾಲೂಕುಗಳು ಎರಡು ಬೇರೆ ಕಾಲಗಳಲ್ಲಿ ನೀರನ್ನು ಕಂಡವು. ಕಾಲುವೆ ಬರುವ ಮುಂಚಿನ ಊಟ, ಉಡಿಗೆ, ಸಾಲ, ಗುಳೆ ಹೋಗುವಿಕೆ, ಇವನ್ನು ಹೇಳಬಲ್ಲವರು ಎರಡೂ ಕಡೆ ಬೇಕು. ಪರಿಧಾವಿ ಸಂವತ್ಸರದ, ಅಂದರೆ ೧೯೭೨ರ ಬರವನ್ನೂ ೨೦೦೯ರ ಅಕ್ಟೋಬರಿನ ನೆರೆಯನ್ನೂ ಇದರೊಡನೆಯೇ ಸೇರಿಸಬೇಕು.

ನಾಲ್ಕನೆಯದು, ಕೂಡಿ ಬಾಳಿದ ಆಚರಣೆಗಳು. ತತ್ತ್ವಪದದ ಮೇಳಗಳು, ಮೊಹರಮ್ಮಿನ ಅಲಾಯಿ ಕುಣಿತ ಮತ್ತು ರಿವಾಯತ್ ಪದಗಳು, ಕೃಷ್ಣೆಯ ಆಚೆಯ ತಿಂಥಣಿ ಮೌನೇಶ್ವರನ ಜಾತ್ರೆಗೆ ದೇವದುರ್ಗದ ಭಕ್ತರು ಹೊಳೆ ದಾಟಿ ಹೋಗುತ್ತಿದ್ದ ಬಗೆ, ಇವೆಲ್ಲ ಯಾವ ಒಂದು ಜಾತಿಮತಕ್ಕೂ ಸೇರಿದವಲ್ಲ. ವಿಜಯದಾಸರ ಚೀಕಲಪರ್ವಿ ಹಾಗೂ ಜಗನ್ನಾಥದಾಸರ ಮಾನ್ವಿ, ಗೋಪಾಲದಾಸರ ಮೊಸರಕಲ್ಲು ಇದೇ ನೆಲದಲ್ಲಿವೆ. ಅವರ ಕೃತಿಗಳು ಅಚ್ಚಾಗಿವೆ. ಅವುಗಳನ್ನು ಮನೆಮನೆಯಲ್ಲಿ ಹಾಡುತ್ತಿದ್ದ ಧಾಟಿಗಳು ಅಚ್ಚಾಗಿಲ್ಲ.

ಐದನೆಯದು, ಶಾಲೆ ಮತ್ತು ಪ್ರಸಾದನಿಲಯಗಳ ಇತಿಹಾಸ. ಹಳ್ಳಿಯಿಂದ ರೊಟ್ಟಿಯ ಗಂಟು ಕಟ್ಟಿಕೊಂಡು ಬಂದು ಓದಿದವರ, ಅವರಿಗೆ ಅಡುಗೆ ಮಾಡಿ ಬಡಿಸಿದವರ ನೆನಪುಗಳು ಲೆಕ್ಕದ ಪುಸ್ತಕದಲ್ಲಿ ದೊರೆಯುವುದಿಲ್ಲ.

೫. ಒಂದು ಕ್ಯಾಸೆಟ್ಟಿನ ಕಥೆ

ಇಲ್ಲಿ ನನ್ನ ಸ್ವಂತ ಅನುಭವವೊಂದನ್ನು ಹೇಳಲು ಓದುಗರು ಅಪ್ಪಣೆ ಕೊಡಬೇಕು. ನನ್ನ ತಾಯಿಯ ತಂದೆಯವರದು ದೇವದುರ್ಗ ತಾಲೂಕಿನ ಒಂದು ಹಳ್ಳಿ. ೧೯೮೬ರ ಬೇಸಿಗೆಯಲ್ಲಿ ಸೋದರಮಾವ ಹೈದರಾಬಾದಿನಿಂದ ಒಂದು ಟೇಪ್ ರೆಕಾರ್ಡರ್ ತಂದರು. ಅದರ ಚಮತ್ಕಾರ ನೋಡಲೆಂದು ನಾವೆಲ್ಲ ಅಜ್ಜನನ್ನು ಕೂಡಿಸಿ ‘ಹಳೇದು ಏನರ ಹೇಳ್ರಿ’ ಎಂದೆವು. ಅಜ್ಜ ಹೇಳಿದ್ದು ೧೯೪೮ರ ಮಳೆಗಾಲದ ಒಂದು ರಾತ್ರಿಯ ಕಥೆ. ರಜಾಕಾರರ ತಂಡ ಬರುತ್ತದೆಂಬ ಸುದ್ದಿ ಹಬ್ಬಿದಾಗ ನೆರೆಯ ಪಿಂಜಾರ ಗೃಹಸ್ಥನೊಬ್ಬ ನಮ್ಮ ಅಜ್ಜಿಯನ್ನೂ ಮೂವರು ಮಕ್ಕಳನ್ನೂ ತನ್ನ ಖಾಲಿ ಹಗೇವಿನಲ್ಲಿ ಇಳಿಸಿ, ಉಸಿರಾಡಲು ಬಾಯಿ ಅರ್ಧ ತೆರೆದಿಟ್ಟು, ಮೇಲೆ ಕಣಿಕೆಯ ಸೂಡು ಹರವಿ, ಅದರ ಮೇಲೆ ತಾನೇ ಮಲಗಿದನಂತೆ. ಸೈನ್ಯ ಬಂದ ಮೇಲೆ ದಿನಮಾನ ತಿರುಗಿತು. ಆಗ ಅದೇ ಗೃಹಸ್ಥ ಜೀವಭಯದಿಂದ ಓಡಿಬಂದಾಗ ನಮ್ಮ ಅಜ್ಜ ಅವನನ್ನು ಎಂಟು ದಿನ ದನದ ಕೊಟ್ಟಿಗೆಯಲ್ಲಿ ಇಟ್ಟುಕೊಂಡು ಕಾಯ್ದರಂತೆ. ಅಜ್ಜ ಅವನ ಹೆಸರನ್ನು, ಅವನ ತಂದೆಯ ಹೆಸರನ್ನು ಕ್ಯಾಸೆಟ್ಟಿನಲ್ಲಿ ಸ್ಪಷ್ಟವಾಗಿ ಹೇಳಿದ್ದರು.

ಎರಡು ವರ್ಷಗಳ ತರುವಾಯ ಆ ಕ್ಯಾಸೆಟ್ಟಿನ ಮೇಲೆ ಸಿನಿಮಾ ಹಾಡುಗಳು ಮುದ್ರಿತವಾದವು. ಮುದ್ರಿಸಿದವನು ಬೇರೆ ಯಾರೂ ಅಲ್ಲ, ನಾನೇ. ೧೯೯೧ರಲ್ಲಿ ಅಜ್ಜ ತೀರಿಕೊಂಡರು. ಶಿಕ್ಷಕನಾದ ಮೇಲೆ ನನಗೆ ಬುದ್ಧಿ ಬಂದು ಆ ಊರಿಗೆ ಹೋಗಿ ವಿಚಾರಿಸಿದೆ. ‘ಪಿಂಜಾರ ಕಾಕಾನ ಮನಿ ಇಲ್ಲಿತ್ತು’ ಎಂದು ಒಬ್ಬ ಮುದುಕಿ ಬಿದ್ದ ಗೋಡೆಯೊಂದನ್ನು ತೋರಿಸಿದರು. ಮನೆಯವರು ಎತ್ತ ಹೋದರೆಂದು ಅವರಿಗೆ ತಿಳಿದಿರಲಿಲ್ಲ, ಹೆಸರೂ ನೆನಪಿರಲಿಲ್ಲ. ನನ್ನ ತಾಯಿ ಆ ಹಗೇವಿನೊಳಗೆ ಕುಳಿತಿದ್ದ ಮೂವರು ಮಕ್ಕಳಲ್ಲಿ ಒಬ್ಬಳು. ನಾನು ಹುಟ್ಟಲು ಕಾರಣನಾದ ಆ ಪುಣ್ಯಾತ್ಮನ ಹೆಸರು ನನಗೆ ಗೊತ್ತಿಲ್ಲ.

ಕ್ಯಾಸೆಟ್ಟಿನ ಹಿಂಬದಿಯ ಅಂಚಿನಲ್ಲಿ ಎರಡು ಚಿಕ್ಕ ಪ್ಲಾಸ್ಟಿಕ್ ಎಸಳುಗಳಿರುತ್ತವೆ. ಅವನ್ನು ಮುರಿದುಬಿಟ್ಟರೆ ಅದರ ಮೇಲೆ ಮತ್ತೆ ಮುದ್ರಣ ಮಾಡಲು ಬರುವುದಿಲ್ಲ. ಉಗುರಿನಿಂದ ಮುರಿಯಬಹುದಾದ ಆ ಎಸಳಿನ ಸಂಗತಿ ತಿಳಿಯದೆ ಹೋದುದಕ್ಕೆ ಇಷ್ಟೆಲ್ಲ ಹಾನಿಯಾಯಿತು. ಈ ಲೇಖನದ ಉಳಿದ ಭಾಗವನ್ನು ಬರೆಯುವ ಅಧಿಕಾರ ನನಗಿದ್ದರೆ ಅದು ಈ ತಪ್ಪಿನಿಂದಲೇ ಬಂದದ್ದು.

೬. ಸಂದರ್ಶನದ ಕ್ರಮ

ಸಂದರ್ಶನಕ್ಕೆ ಹೋಗುವ ಮೊದಲು ಸಿದ್ಧತೆ ಬೇಕು. ಹಿರಿಯರ ಊರು, ವೃತ್ತಿ, ಮನೆತನಗಳನ್ನು ಕೇಳಿ ತಿಳಿದುಕೊಳ್ಳಬೇಕು. ಮೊದಲ ಭೇಟಿಯಲ್ಲಿ ಯಂತ್ರವನ್ನು ಹೊರಗೆ ತೆಗೆಯದೆ ಪರಿಚಯ ಬೆಳೆಸುವುದು ಲೇಸು. ಎರಡನೆಯ ಭೇಟಿಯಲ್ಲಿ ಒಪ್ಪಿಗೆ ಪಡೆದು ಮುದ್ರಿಸಬೇಕು. ಫ್ಯಾನಿನ ಗಾಳಿ, ಹಿಟ್ಟಿನ ಗಿರಣಿ, ರಸ್ತೆಯ ಸದ್ದುಗಳಿಂದ ದೂರವಾದ ಕೋಣೆಯನ್ನು ಆರಿಸಿ, ಧ್ವನಿಗ್ರಾಹಕವನ್ನು ಹೇಳುವವರ ಮುಖದಿಂದ ಒಂದು ಮೊಳದೊಳಗೆ ಇಡಬೇಕು. ಮುದ್ರಣದ ಮೊದಲಲ್ಲಿಯೇ ದಿನಾಂಕ, ಊರು, ಹೇಳುವವರ ಮತ್ತು ಕೇಳುವವರ ಹೆಸರನ್ನು ಧ್ವನಿಯಲ್ಲಿಯೇ ಹೇಳಿಬಿಡಬೇಕು. ಚೀಟಿ ಕಳೆದರೂ ಧ್ವನಿ ತನ್ನ ಗುರುತನ್ನು ತಾನೇ ಹೇಳುತ್ತದೆ.

ಪ್ರಶ್ನೆ ಕೇಳುವುದು ಒಂದು ಕಲೆ. ‘ಅಜ್ಜಾ, ಆಗ ಬಹಳ ತ್ರಾಸ ಇತ್ತಲ್ಲಾ?’ ಎಂದು ಕೇಳಿದರೆ ‘ಹೌದಪ್ಪಾ’ ಎಂಬ ಉತ್ತರ ಬರುತ್ತದೆ. ಉತ್ತರವನ್ನು ನಾವೇ ಅವರ ಬಾಯಿಗೆ ಹಾಕಿದಂತಾಯಿತು. ಅದರ ಬದಲು, ‘ಆ ದಿನ ನೀವು ಎಲ್ಲಿದ್ರಿ? ಮನ್ಯಾಗ ಯಾರ್ಯಾರು ಇದ್ರು? ಸುದ್ದಿ ಮೊದಲು ತಂದವರು ಯಾರು? ಅವತ್ತು ಒಲಿ ಹಚ್ಚಿದ್ರೋ ಇಲ್ಲೋ?’ ಎಂದು ಕೇಳಬೇಕು. ಸಣ್ಣ ಪ್ರಶ್ನೆಗೆ ದೊಡ್ಡ ಉತ್ತರ ಬರುತ್ತದೆ. ಹೇಳುವವರು ಸುಮ್ಮನಾದಾಗ ಅವಸರಪಟ್ಟು ಮುಂದಿನ ಪ್ರಶ್ನೆಗೆ ಹೋಗಬಾರದು. ಎಷ್ಟೋ ಸಲ ಮುಖ್ಯವಾದ ಮಾತು ಆ ಮೌನದ ಹಿಂದೆಯೇ ಬರುತ್ತದೆ. ಕಣ್ಣೀರು ಬಂದರೆ ಯಂತ್ರವನ್ನು ನಿಲ್ಲಿಸಿ ನೀರು ಕೊಡಬೇಕು. ಒಂದು ಸಲಕ್ಕೆ ಒಂದು ಗಂಟೆಗಿಂತ ಹೆಚ್ಚು ದಣಿಸಬಾರದು.

ಹೆಣ್ಣುಮಕ್ಕಳ ನೆನಪನ್ನು ಹೆಣ್ಣುಮಕ್ಕಳೇ ಕೇಳುವುದು ಉಚಿತ. ಮನೆಯ ಯಜಮಾನರು ಎದುರಿಗಿದ್ದರೆ ಅಜ್ಜಿ ‘ನನಗೇನ ಗೊತ್ತೈತಿ, ಅವರನ್ನ ಕೇಳ್ರಿ’ ಎಂದು ಬಿಡುತ್ತಾರೆ. ಅಡುಗೆಮನೆಯಲ್ಲಿ ನಮ್ಮ ಶಿಕ್ಷಕಿಯರು ಕುಳಿತರೆ ಅದೇ ಅಜ್ಜಿ ಬರಗಾಲದಲ್ಲಿ ಯಾವ ಸೊಪ್ಪು ಕುದಿಸಿ ಮಕ್ಕಳನ್ನು ಬದುಕಿಸಿದರೆಂದು ಹೇಳಿಯಾರು.

ಧ್ವನಿಯನ್ನು ಬರೆಹಕ್ಕೆ ಇಳಿಸುವಾಗ ಆಡುಮಾತನ್ನು ಗ್ರಾಂಥಿಕಕ್ಕೆ ತಿದ್ದಬಾರದು. ‘ಹೊಳಿ’ ಎಂದರೆ ‘ಹೊಳಿ’ ಎಂದೇ ಬರೆಯಬೇಕು. ಶಿಕ್ಷಕರಾದ ನಮಗೆ ತಿದ್ದುವ ಅಭ್ಯಾಸ ಕೈಗೆ ಅಂಟಿರುತ್ತದೆ. ಇಲ್ಲಿ ಆ ಕೆಂಪು ಶಾಯಿಯನ್ನು ಕೆಳಗಿಡಬೇಕು. ಒಂದು ಗಂಟೆಯ ಮಾತನ್ನು ಬರೆದು ಮುಗಿಸಲು ಐದಾರು ಗಂಟೆಗಳಾದರೂ ಬೇಕೆಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

೭. ನೆನಪು ಮತ್ತು ಕಾಲನಿರ್ಣಯ

ಹಿರಿಯರು ಇಸವಿ ಹೇಳುವುದಿಲ್ಲ. ಹೇಳಿದರೂ ಅದು ತಪ್ಪಿರಬಹುದು. ಆದರೆ ಅವರ ಮಾತಿನಲ್ಲಿಯೇ ಕಾಲದ ಗುರುತುಗಳಿರುತ್ತವೆ. ‘ಹಾಲಿ ರೂಪಾಯಿ’ ಎಂದರೆ ಸಂಸ್ಥಾನದ ನಾಣ್ಯ, ‘ಕಲ್ದಾರ’ ಎಂದರೆ ಬ್ರಿಟಿಷ್ ಸರಕಾರದ್ದು. ಏಳು ಹಾಲಿ ಸುಮಾರು ಆರು ಕಲ್ದಾರಕ್ಕೆ ಸಮ. ಹಳೆಯ ಕಾಗದಗಳಲ್ಲಿ ಕಾಣುವ ಫಸಲಿ ವರ್ಷಕ್ಕೆ ೫೯೦ ಕೂಡಿಸಿದರೆ ಆ ವರ್ಷ ಆರಂಭವಾದ ಇಸವಿ ದೊರೆಯುತ್ತದೆ: ೧೩೫೭ ಫಸಲಿಯೆಂದರೆ ೧೯೪೭ರ ಅಕ್ಟೋಬರಿನಲ್ಲಿ ಮೊದಲಾದ ವರ್ಷ. ಸಂವತ್ಸರದ ಹೆಸರು ನೆನಪಿದ್ದರೆ ಪಂಚಾಂಗದಿಂದ ಲೆಕ್ಕ ಹಾಕಬಹುದು. ಸರ್ವಧಾರಿ ಎಂದರೆ ೧೯೪೮–೪೯. ಏನೂ ಇಲ್ಲದಿದ್ದರೆ ‘ಆಗ ನಿಮ್ಮ ಹಿರೇಮಗ ಎಷ್ಟು ದೊಡ್ಡವ ಇದ್ದ?’ ಎಂಬ ಒಂದೇ ಪ್ರಶ್ನೆ ಸಾಕು.

ನೆನಪು ತಪ್ಪಿದರೆ ಅದು ಕಸವೆಂದು ಬಿಸುಡಬೇಕೆ? ಇಟಲಿಯ ವಿದ್ವಾಂಸ ಅಲೆಸ್ಸಾಂದ್ರೋ ಪೋರ್ತೆಲ್ಲಿ ಇದಕ್ಕೆ ಮಾರ್ಮಿಕವಾದ ಉತ್ತರ ಕೊಟ್ಟಿದ್ದಾರೆ. ತೆರ್ನಿ ಎಂಬ ಉಕ್ಕಿನ ಕಾರ್ಖಾನೆಯ ಪಟ್ಟಣದಲ್ಲಿ ಲುಯಿಜಿ ತ್ರಾಸ್ತುಲ್ಲಿ ಎಂಬ ತರುಣ ಕಾರ್ಮಿಕನು ೧೯೪೯ರ ಮೆರವಣಿಗೆಯಲ್ಲಿ ಪೊಲೀಸರಿಂದ ಹತನಾದನು. ಆದರೆ ಅಲ್ಲಿಯ ಅನೇಕ ಹಿರಿಯರು ಅವನು ಸತ್ತದ್ದು ೧೯೫೩ರಲ್ಲಿ, ಸಾವಿರಾರು ಕಾರ್ಮಿಕರನ್ನು ಕೆಲಸದಿಂದ ತೆಗೆದಾಗ ಎಂದು ಖಚಿತವಾಗಿ ಹೇಳುತ್ತಿದ್ದರು. ದೊಡ್ಡ ನೋವಿನ ಸಂದರ್ಭಕ್ಕೆ ದೊಡ್ಡ ಬಲಿದಾನವನ್ನು ಜನಮನಸ್ಸು ತಾನೇ ಜೋಡಿಸಿತ್ತು. ತಾರೀಖು ತಪ್ಪಾದರೂ ಆ ತಪ್ಪು ಜನರ ಅಂತರಂಗವನ್ನು ತಿಳಿಸಿತು. ನಮ್ಮಲ್ಲಿಯೂ ‘ಸ್ವಾತಂತ್ರ್ಯ ಬಂದಾಗ’ ಎಂದು ಹಿರಿಯರು ಹೇಳಿದರೆ ೧೯೪೭ರ ಆಗಸ್ಟ್ ಎಂದು ಬರೆದುಕೊಳ್ಳಬಾರದು. ಅವರ ಪಾಲಿಗೆ ಅದು ಬಹುಶಃ ೧೯೪೮ರ ಸೆಪ್ಟೆಂಬರ್. ಆದ್ದರಿಂದ ಹೇಳಿದ್ದನ್ನು ಹೇಳಿದಂತೆಯೇ ಇಟ್ಟು, ಸರಿಯಾದ ತಾರೀಖನ್ನು ಪಕ್ಕದಲ್ಲಿ ಬೇರೆಯಾಗಿ ಬರೆಯಬೇಕು. ಒಂದು ಘಟನೆಯನ್ನು ಮೂವರಿಂದ ಕೇಳಿ, ಸಿಕ್ಕ ಕಾಗದಪತ್ರಗಳೊಡನೆ ಹೋಲಿಸಬೇಕು.

೮. ಹೇಳುವವರ ಹಕ್ಕು, ಕೇಳುವವರ ಧರ್ಮ

ವಿಮೋಚನೆಯ ಚರಿತ್ರೆಯನ್ನು ಒಂದೇ ಕಡೆಯಿಂದ ಬರೆಯಲಾಗದು. ರಜಾಕಾರರಿಂದ ನೊಂದವರ ಮಾತನ್ನು ನಾವು ಸಭೆಗಳಲ್ಲಿ ಕೇಳಿದ್ದೇವೆ, ಕೇಳಲೇಬೇಕು. ಸೈನ್ಯದ ಕಾರ್ಯಾಚರಣೆಯ ನಂತರದ ವಾರಗಳಲ್ಲಿ ಮುಸಲ್ಮಾನ ಕುಟುಂಬಗಳ ಮೇಲೆ ನಡೆದ ಹಿಂಸೆಯನ್ನು ವಿಚಾರಿಸಲು ಪಂಡಿತ ಸುಂದರಲಾಲರ ಸಮಿತಿಯು ಅದೇ ವರ್ಷ ಸಂಚರಿಸಿತು. ಬೀದರ, ಗುಲ್ಬರ್ಗಾ, ಉಸ್ಮಾನಾಬಾದ, ನಾಂದೇಡ ಜಿಲ್ಲೆಗಳು ಹೆಚ್ಚು ನೊಂದವೆಂದು ಅದು ಹೇಳಿತು. ಆ ವರದಿ ದಶಕಗಳ ಕಾಲ ಪ್ರಕಟವಾಗದೆ ಉಳಿಯಿತು. ವರದಿ ಮುಚ್ಚಿದ್ದ ಕಾಲದಲ್ಲಿಯೂ ನೆನಪು ಮುಚ್ಚಿರಲಿಲ್ಲ. ಅದು ಮನೆಗಳ ಒಳಗೆ ಮೆಲುದನಿಯಲ್ಲಿ ಉಳಿದಿತ್ತು. ಇಬ್ಬರ ಮಾತನ್ನೂ ಒಂದೇ ಕಪಾಟಿನಲ್ಲಿ, ಒಂದೇ ಗೌರವದಿಂದ ಇಡುವ ಧೈರ್ಯ ನಮಗೆ ಬೇಕು. ಹಗೇವನ್ನು ತೆರೆದವನೂ ಕೊಟ್ಟಿಗೆಯನ್ನು ತೆರೆದವನೂ ಅದಕ್ಕೆ ನಮಗೆ ದಾರಿ ತೋರಿಸಿದ್ದಾರೆ.

ಕೆಲವು ಮಾತುಗಳು ಹೇಳುವವರಿಗೆ ಅಪಾಯವನ್ನೋ ಅವಮಾನವನ್ನೋ ತರಬಹುದು. ೧೯೮೨ರ ಶಾಸನದಿಂದ ನಿಷಿದ್ಧವಾದ ದೇವದಾಸಿ ಪದ್ಧತಿಯಲ್ಲಿ ಬಾಲ್ಯವನ್ನು ಕಳೆದುಕೊಂಡ ತಾಯಂದಿರು, ಜೀತದಲ್ಲಿ ದುಡಿದವರು, ಊರ ಬಾವಿಯ ನೀರು ದೊರೆಯದವರು ತಮ್ಮ ಕಥೆಯನ್ನು ನಂಬಿ ಹೇಳಿದಾಗ ಆ ನಂಬಿಕೆಯೇ ಮೊದಲು, ಸಂಗ್ರಹ ಆಮೇಲೆ. ಆದುದರಿಂದ ಮುದ್ರಣದ ಮೊದಲೊಮ್ಮೆ ಮತ್ತು ಬರೆಹವನ್ನು ಓದಿ ಹೇಳಿದ ಮೇಲೆ ಮತ್ತೊಮ್ಮೆ ಒಪ್ಪಿಗೆ ಪಡೆಯಬೇಕು. ‘ಎಲ್ಲರೂ ಕೇಳಬಹುದು’, ‘ಹೆಸರು ಹೇಳದೆ ಕೇಳಿಸಬಹುದು’, ‘ನನ್ನ ತರುವಾಯ ಕೇಳಿಸಿರಿ’, ‘ಬೇಡ’ ಎಂಬ ನಾಲ್ಕು ಬಗೆಯ ಆಯ್ಕೆ ಅವರಿಗಿರಬೇಕು. ಅಕ್ಷರ ಬಾರದವರ ಒಪ್ಪಿಗೆಯನ್ನು ಧ್ವನಿಯಲ್ಲಿಯೇ ಮುದ್ರಿಸಬಹುದು. ಮುದ್ರಣದ ಒಂದು ಪ್ರತಿಯನ್ನು ಆ ಮನೆಗೆ ತಲುಪಿಸುವುದು ನಮ್ಮ ಋಣ.

೯. ಸಂರಕ್ಷಣೆ

ಸಂಗ್ರಹಿಸುವುದು ಅರ್ಧ ಕೆಲಸ, ಉಳಿದರ್ಧ ಕಾಪಾಡುವುದು. ಕ್ಯಾಸೆಟ್ಟಿನ ಪಟ್ಟಿಯೆಂದರೆ ಪ್ಲಾಸ್ಟಿಕ್ಕಿನ ಮೇಲೆ ಅಂಟಿನಿಂದ ಹಿಡಿದು ನಿಲ್ಲಿಸಿದ ಕಾಂತೀಯ ಪುಡಿ. ಬಿಸಿಲು, ತೇವ, ಧೂಳುಗಳಿಂದ ಅಂಟು ಕೆಡುತ್ತದೆ, ಪುಡಿ ಉದುರುತ್ತದೆ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ಮೀರುವ ನಮ್ಮ ರಾಯಚೂರಿನಲ್ಲಿ ಪತ್ರಾಸಿನ ಮಾಡಿನ ಕೆಳಗಿಟ್ಟ ಕ್ಯಾಸೆಟ್ಟಿಗೆ ದೀರ್ಘಾಯುಷ್ಯವಿಲ್ಲ. ಆದ್ದರಿಂದ ಯಾರ ಮನೆಯಲ್ಲಿ ಹಳೆಯ ಕ್ಯಾಸೆಟ್ಟುಗಳಿದ್ದರೂ ಮೊದಲು ಎಸಳುಗಳನ್ನು ಮುರಿಯಬೇಕು. ತಂಪಾದ, ಒಣಗಿದ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿಡಬೇಕು. ಸ್ಪೀಕರು ಮ್ಯಾಗ್ನೆಟ್ಟುಗಳಿಂದ ದೂರವಿಡಬೇಕು. ಆದಷ್ಟು ಬೇಗ ಗಣಕಯಂತ್ರಕ್ಕೆ ವರ್ಗಾಯಿಸಬೇಕು.

ಧ್ವನಿಯನ್ನು ಮೂಲಪ್ರತಿಯಾಗಿ ಇಡುವಾಗ ಕುಗ್ಗಿಸದ ‘ವೇವ್’ ರೂಪದಲ್ಲಿ, ೪೮ ಕಿಲೋಹರ್ಟ್ಸ್ ಮತ್ತು ೨೪ ಬಿಟ್ ಪ್ರಮಾಣದಲ್ಲಿ ಇಡಬೇಕೆಂಬುದು ಧ್ವನಿಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘದ ಸಲಹೆ. ಕೇಳಲು, ಹಂಚಲು ಕುಗ್ಗಿಸಿದ ಪ್ರತಿ ಸಾಕು. ಪ್ರತಿಗಳು ಮೂರಿರಬೇಕು, ಎರಡು ಬೇರೆ ಬಗೆಯ ಸಾಧನಗಳಲ್ಲಿರಬೇಕು, ಒಂದಾದರೂ ಬೇರೆ ಊರಿನಲ್ಲಿರಬೇಕು. ರಾಯಚೂರಿನ ಪ್ರತಿಗೆ ಅಪಾಯವಾದರೆ ಮಾನ್ವಿಯ ಅಥವಾ ದೇವದುರ್ಗದ ಪ್ರತಿ ಉಳಿದಿರುತ್ತದೆ. ವರ್ಷಕ್ಕೊಮ್ಮೆ ಪ್ರತಿಗಳನ್ನು ತೆರೆದು ಕೇಳಿ ಪರೀಕ್ಷಿಸಬೇಕು. ಐದಾರು ವರ್ಷಗಳಿಗೊಮ್ಮೆ ಹೊಸ ಸಾಧನಕ್ಕೆ ವರ್ಗಾಯಿಸಬೇಕು. ಒಬ್ಬ ಶಿಕ್ಷಕರ ಮೊಬೈಲಿನಲ್ಲಿ ಮಾತ್ರ ಉಳಿದದ್ದು ಉಳಿದಂತಲ್ಲ.

ಪ್ರತಿಯೊಂದು ಮುದ್ರಣಕ್ಕೂ ಒಂದು ಕಾರ್ಡು ಬೇಕು. ಕ್ರಮಸಂಖ್ಯೆ, ಹೇಳಿದವರ ಹೆಸರು, ವಯಸ್ಸು, ಊರು, ಕಸುಬು, ಕೇಳಿದವರ ಹೆಸರು, ದಿನಾಂಕ, ಅವಧಿ, ವಿಷಯಗಳು, ಮಾತಿನಲ್ಲಿ ಬಂದ ಜನರ ಮತ್ತು ಸ್ಥಳಗಳ ಹೆಸರು, ಒಪ್ಪಿಗೆಯ ಬಗೆ, ಇಷ್ಟು ಅದರಲ್ಲಿರಲಿ. ಕಾರ್ಡಿಲ್ಲದ ಧ್ವನಿ ವಿಳಾಸವಿಲ್ಲದ ಕಾಗದದಂತೆ; ಯಾರಿಗೂ ಮುಟ್ಟುವುದಿಲ್ಲ.

೧೦. ಉಪಸಂಹಾರ

ಈ ಕಾರ್ಯಕ್ಕೆ ಬೇಕಾದ ಹಣ ಹೆಚ್ಚಿಲ್ಲ. ಬೇಕಾದುದು ಕಾಲ ಮತ್ತು ಶ್ರದ್ಧೆ. ಒಂಬತ್ತನೆಯ ತರಗತಿಯ ಪ್ರತಿಯೊಬ್ಬ ವಿದ್ಯಾರ್ಥಿಯೂ ವರ್ಷಕ್ಕೆ ಒಬ್ಬ ಹಿರಿಯರ ಮಾತನ್ನು ಕೇಳಿ ಮುದ್ರಿಸಿ, ಎರಡು ಪುಟ ಬರೆದರೆ ಕೆಲವೇ ವರ್ಷಗಳಲ್ಲಿ ಮೂರು ತಾಲೂಕುಗಳ ದೊಡ್ಡ ಭಂಡಾರವೊಂದು ಸಿದ್ಧವಾಗುತ್ತದೆ. ಭಾಷೆ, ಸಮಾಜವಿಜ್ಞಾನ, ಗಣಕವಿಜ್ಞಾನ ಮೂರರ ಪಾಠವೂ ಒಂದೇ ಕೆಲಸದಲ್ಲಿ ಆಗುತ್ತದೆ. ಹಳೆಯ ವಿದ್ಯಾರ್ಥಿಗಳು ತಮ್ಮ ಮನೆಯ ಅಟ್ಟದಲ್ಲಿರುವ ಕ್ಯಾಸೆಟ್ಟು, ಫೋಟೋ, ಕಾಗದಗಳ ಪ್ರತಿಯನ್ನು ಶಾಲೆಗೆ ಒದಗಿಸಬಹುದು. ದಾನಿಗಳು ಎರಡು ಧ್ವನಿಮುದ್ರಕ, ಎರಡು ಸಂಗ್ರಾಹಕ ಡಿಸ್ಕು, ಬೀಗವುಳ್ಳ ಒಂದು ಉಕ್ಕಿನ ಕಪಾಟು, ಇಷ್ಟನ್ನು ಒದಗಿಸಿದರೆ ಕೆಲಸ ಮೊದಲಾಗುತ್ತದೆ. ಉರ್ದು ಬಲ್ಲ ಹಿರಿಯರು ಹಳೆಯ ದಫ್ತರಗಳನ್ನು ಓದಿ ಹೇಳಲು ಮುಂದೆ ಬಂದರೆ ಅದು ಹಣಕ್ಕಿಂತ ದೊಡ್ಡ ದಾನ.

ಶಾಲೆಯ ಗ್ರಂಥಾಲಯದಲ್ಲಿ ಇದಕ್ಕೆಂದು ಒಂದು ಕಾರ್ಡಿನ ಪೆಟ್ಟಿಗೆಯನ್ನು ಇರಿಸಿದ್ದೇನೆ. ಮೊದಲನೆಯ ಕಾರ್ಡನ್ನು ನಾನೇ ಬರೆದು ಹಾಕಿದ್ದೇನೆ. ಊರು: ದೇವದುರ್ಗ ತಾಲೂಕಿನ ಒಂದು ಹಳ್ಳಿ. ಕಸುಬು: ಪಿಂಜಾರ. ವಿಷಯ: ೧೯೪೮, ಹಗೇವು. ಹೆಸರಿನ ಮುಂದೆ ಜಾಗ ಬಿಟ್ಟಿದ್ದೇನೆ. ಈ ಸಂಚಿಕೆಯನ್ನು ಓದಿದ ಯಾರಿಗಾದರೂ, ತಮ್ಮ ಮನೆಯ ಹಿರಿಯರಿಂದ ಇದೇ ಕಥೆಯನ್ನು ಆ ಕಡೆಯಿಂದ ಕೇಳಿದ ನೆನಪಿದ್ದರೆ, ದಯವಿಟ್ಟು ಶಾಲೆಗೆ ಬಂದು ಆ ಜಾಗವನ್ನು ತುಂಬಬೇಕಾಗಿ ಕೈಮುಗಿದು ಕೇಳಿಕೊಳ್ಳುತ್ತೇನೆ.